ಬ್ಯೂಗಲ್ ಊದಿದ ಊರು

ಹುಲ್ಲಿನ ಇಬ್ಬನಿ ಆರುವ ಮೊದಲೇ ಶಿವಮೊಗ್ಗದ ಡಿ.ಎ.ಆರ್. ಮೈದಾನದಲ್ಲಿ ಖಾಕಿ ಸಾಲುಗಳು ನಿಂತಿವೆ. ಅಕ್ಟೋಬರ್ 21, ಪೊಲೀಸ್ ಹುತಾತ್ಮರ ದಿನ. ಶಾಮಿಯಾನದ ಅಂಚಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರೊಬ್ಬರು, ಪಕ್ಕದಲ್ಲೇ ಕುರ್ಚಿಯಿದ್ದರೂ ಕೂತಿಲ್ಲ. ಒಂದು ಕಾಲಕ್ಕೆ ಇಲ್ಲಿನ ಪೊಲೀಸ್ ಬ್ಯಾಂಡ್‌ನಲ್ಲಿ ಬ್ಯೂಗಲ್ ಊದುತ್ತಿದ್ದವರು. ನಿವೃತ್ತಿಯಾಗಿ ಮಗಳ ಊರು ಸೇರಿದವರು ಇವತ್ತು ಇದಕ್ಕೆಂದೇ ಬಂದಿದ್ದಾರೆ.

1959ರಲ್ಲಿ ಇದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ 10 ಮಂದಿ ಪೊಲೀಸರು ಬಲಿಯಾದರು. ಅವರ ನೆನಪಿನ ಈ ದಿನ, ವರ್ಷದಲ್ಲಿ ಕರ್ತವ್ಯದಲ್ಲಿ ಮಡಿದವರೆಲ್ಲರ ಹೆಸರು ಓದುತ್ತಾರೆ. ಪಟ್ಟಿ ಮುಗಿಯಿತು. ‘ಶೋಕ್ ಶಸ್ತ್ರ್!’ ಬಂದೂಕಿನ ನಳಿಗೆಗಳು ನೆಲಕ್ಕೆ ತಿರುಗಿದವು. ಬ್ಯೂಗಲ್‌ನಲ್ಲಿ ವಿದಾಯದ ‘ಲಾಸ್ಟ್ ಪೋಸ್ಟ್’ ಎದ್ದಿತು.

ಬ್ಯೂಗಲ್‌ಗೆ ಒತ್ತುವ ಗುಂಡಿಯಿಲ್ಲ, ಬೆರಳಿಟ್ಟು ಮುಚ್ಚುವ ತೂತಿಲ್ಲ. ತುಟಿಯ ಬಿಗಿಯಲ್ಲಿ, ಹೊಟ್ಟೆಯಿಂದ ಬರುವ ಉಸಿರಿನಲ್ಲೇ ನಾಲ್ಕೈದು ಸ್ವರ ಹುಟ್ಟಬೇಕು. ಗಂಟಲು ಉಬ್ಬಿ ಬಂದರೆ ಸ್ವರ ಒಡೆಯುತ್ತದೆ. ಜೊತೆಗೆ ಉಂಡವನ ಹೆಸರು ಪಟ್ಟಿಯಲ್ಲಿದ್ದರೂ ಒಡೆಯದಂತೆ ಊದಬೇಕು. ಹಿರಿಯರ ಕೆನ್ನೆ ತಾನಾಗಿ ಬಿಗಿಯುವುದನ್ನು ಕಂಡೆ. ಈ ಬ್ಯೂಗಲ್ ದನಿಯನ್ನು ಸ್ಪೀಕರ್‌ನಲ್ಲಿ ಹಾಕಿ ಮುಗಿಸುವ ಕಾಲ ನಮ್ಮ ಜಿಲ್ಲೆಗೆ ಬರಬಾರದು.

ಕವಾಯತು ಮುಗಿದದ್ದೇ ಬ್ಯಾಂಡ್ ಹುಡುಗರು ಸುತ್ತುವರಿದರು. ‘ಒಂದ್ಸಲ ಊದಿ ಸಾರ್.’

‘ಮುಂದಿನ ಹಲ್ಲು ಹೋದ್ಮೇಲೆ ಗಾಳಿ ನಿಲ್ಲಲ್ಲ ಕಣಪ್ಪ’ ಎಂದು ಹಿತ್ತಾಳೆ ಸವರಿ ಹಿಂದಿರುಗಿಸಿದರು.

ಮಧ್ಯಾಹ್ನ, ಅವರು ಹಿಂದೆ ನುಡಿಸಲು ಹೋಗುತ್ತಿದ್ದ ಭದ್ರಾವತಿಯ ಬಸ್ಸಿಗೆ ನಾನೂ ಜೊತೆಯಾದೆ. ಮಾಚೇನಹಳ್ಳಿಯಲ್ಲಿ ಕೆ.ಎಸ್.ಆರ್.ಪಿ. 8ನೇ ಪಡೆಯ ಗೇಟು ಬಂದಾಗ ಅವರ ಬೆರಳು ಸೀಟಿನ ಸರಳಿನ ಮೇಲೆ ‘ತೇಜ್ ಚಲ್’ ತಾಳ ಹಿಡಿದಿತ್ತು, ನಿಮಿಷಕ್ಕೆ 120 ಹೆಜ್ಜೆ. ಭದ್ರಾವತಿಯಲ್ಲಿ ನೇರ ಕನಕ ಮಂಟಪದ ಮೈದಾನಕ್ಕೆ ನಡೆದರು. ಸ್ವಾತಂತ್ರ್ಯ ದಿನಕ್ಕೆ ಇಲ್ಲಿ ನುಡಿಸಲು ಬಂದಾಗ ಕಾರ್ಖಾನೆಯ ಸೈರನ್ ಮುಗಿಯಲೆಂದು ಡ್ರಮ್ಮಿನವರು ಕೋಲು ಎತ್ತಿ ಕಾಯುತ್ತಿದ್ದರಂತೆ. ವಿಶ್ವೇಶ್ವರಯ್ಯನವರ ಶ್ರಮದಿಂದ ಎದ್ದು 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಆ ಕಾರ್ಖಾನೆ ಈಗ ಕುಂಟುತ್ತಿದೆ, ಕಾಗದದ ಕಾರ್ಖಾನೆ ನಿಂತೇ ಹೋಗಿದೆ. ಊರಿನ ಹೊಸ ಸುದ್ದಿಯೆಂದರೆ ಬುಳ್ಳಾಪುರದ ಕ್ಷಿಪ್ರ ಕಾರ್ಯ ಪಡೆ. ಅದರ 97ನೇ ಬೆಟಾಲಿಯನ್ನಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು.

‘ಅಲ್ಲಿ ಬ್ಯಾಂಡ್ ಇದೆಯಾ?’ ಅವರು ಕೇಳಿದ್ದು ಅಷ್ಟೇ.

ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಲೇ ಬೆಳಗ್ಗೆ ಬ್ಯೂಗಲ್ ಊದಿದ ಹುಡುಗನಿಗೆ ಫೋನು ಹಚ್ಚಿದರು. ‘ಕೊನೇ ಸ್ವರ ಬೇಗ ಬಿಟ್ಟೆ. ರಾಜ್ಯೋತ್ಸವಕ್ಕೆ ಹತ್ತೇ ದಿನ ಇದೆ. ನಾಳೆಯಿಂದ ದಿನಾ ಅರ್ಧ ಗಂಟೆ ಉದ್ದ ಸ್ವರ ಹಿಡಿ, ತಿಳೀತಾ?’