ಮೊದಲ ಕಾದಂಬರಿ ಯಾವುದಾಗಿರಬೇಕು?

‘ಓದಲು ಒಂದು ಒಳ್ಳೆಯ ಕಾದಂಬರಿ ಹೇಳಿ’ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುತೇಕರು ಪ್ರಶಸ್ತಿಗಳ ಪಟ್ಟಿಯನ್ನು ಒಪ್ಪಿಸುತ್ತಾರೆ. ಕೇಳಿದವರು ಅದರಲ್ಲಿ ಒಂದನ್ನು ಭಕ್ತಿಯಿಂದ ತರುತ್ತಾರೆ. ಇಪ್ಪತ್ತನೆಯ ಪುಟದಲ್ಲಿ ಮೂಲೆ ಮಡಚಿ ಕಪಾಟಿನಲ್ಲಿ ಇಡುತ್ತಾರೆ. ದೊಡ್ಡ ಕೃತಿ ತಮ್ಮ ಬುದ್ಧಿಗೆ ಎಟುಕಲಿಲ್ಲವೆಂಬ ಅಳುಕಿನಿಂದ ಮತ್ತೆ ಕಾದಂಬರಿಯ ಗೊಡವೆಗೇ ಹೋಗುವುದಿಲ್ಲ. ಎರಡನೆಯ ಕಾದಂಬರಿಯನ್ನು ಓದಿಸುವ ಶಕ್ತಿ ಇರಬೇಕಾದದ್ದು ಮೊದಲನೆಯದಕ್ಕೆ ಎಂಬುದನ್ನು ಶಿಫಾರಸು ಮಾಡುವವರು ಮರೆಯುತ್ತಾರೆ.

ಕಲಬುರಗಿ ಜಿಲ್ಲೆಯಲ್ಲಿ, ಚಿಂಚೋಳಿಗೆ ಹೊಂದಿಕೊಂಡಿರುವ ಚಂದಾಪುರದಂತಹ ಊರುಗಳ ವಿಷಯದಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ತೆಲಂಗಾಣದ ಗಡಿಗೆ ಸಮೀಪದ ಈ ಸೀಮೆಯಲ್ಲಿ ಕನ್ನಡ, ಉರ್ದು, ತೆಲುಗು ಒಂದರ ಹೆಗಲ ಮೇಲೊಂದು ಕೈಯಿಟ್ಟು ನಡೆಯುತ್ತವೆ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಪ್ರಕಟವಾದಾಗ, ಅನಂತರ ಮೈಸೂರು, ಧಾರವಾಡಗಳಲ್ಲಿ ಕಾದಂಬರಿ ಬೇರೂರುತ್ತಿದ್ದಾಗ, ಇಲ್ಲಿ ನಿಜಾಮರ ಆಳ್ವಿಕೆಯಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. ಅದು ಕೊನೆಗೊಂಡದ್ದು 1948ರಲ್ಲಿ. ಉಳಿದ ಕನ್ನಡ ನಾಡಿನೊಡನೆ ಈ ಭಾಗ ಒಂದಾದದ್ದು 1956ರಲ್ಲಿ. ವಚನ, ತತ್ವಪದ, ಮೊಹರಂ ಪದಗಳು ಜನರ ನಾಲಗೆಯ ಮೇಲಿದ್ದವು. ಅಚ್ಚಾದ ಕಾದಂಬರಿ ಮಾತ್ರ ತಡವಾಗಿ ಬಂದಿತು. ಅನೇಕರ ಪಾಲಿಗೆ ಅದು ಬಂದದ್ದೂ ಪರೀಕ್ಷೆಯ ಪಠ್ಯವಾಗಿ, ಪ್ರಶ್ನೋತ್ತರಗಳ ಬಾಲದೊಡನೆ.

ಆದ್ದರಿಂದ ಇಲ್ಲಿನ ಓದುಗರಿಗೆ ಮೊದಲು ಕೊಡಬೇಕಾದದ್ದು ಗೀತಾ ನಾಗಭೂಷಣ ಅವರ ‘ಬದುಕು’. ಕಲಬುರಗಿ ಸೀಮೆಯ ಮಣ್ಣಿನಲ್ಲಿಯೇ ಹುಟ್ಟಿ ಬೆಳೆದ, 2020ರಲ್ಲಿ ನಿಧನರಾದ ಈ ಲೇಖಕಿ 2004ರಲ್ಲಿ ಇದೇ ಕಾದಂಬರಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕನ್ನಡದಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ಆದರೆ ಇದನ್ನು ಶಿಫಾರಸು ಮಾಡಲು ಪ್ರಶಸ್ತಿ ಕಾರಣವಲ್ಲ. ಶಾಲೆಯಲ್ಲಿ ‘ಹೀಗೆ ಮಾತನಾಡಬಾರದು’ ಎಂದು ತಿದ್ದಿಸಿಕೊಂಡವರು ತಮ್ಮ ಮನೆಯ ಮಾತು ಅದೇ ಬಿಸಿಯೊಡನೆ ಅಚ್ಚಿನಲ್ಲಿರುವುದನ್ನು ಇಲ್ಲಿ ಕಾಣುತ್ತಾರೆ. ದಲಿತ, ದುಡಿಯುವ ಹೆಣ್ಣುಮಕ್ಕಳ ಬಾಳಿನ ಈ ಕಥೆಯಲ್ಲಿ ನೋವು ಬೇಕಾದಷ್ಟಿದೆ. ಆದರೆ ತನ್ನ ಮಾತಿಗೂ ಸಾಹಿತ್ಯವಾಗುವ ಯೋಗ್ಯತೆ ಇದೆಯೆಂದು ತಿಳಿಯುವ ಹಿಗ್ಗು ಬೇರೆ ಯಾವ ಪುಸ್ತಕದಿಂದಲೂ ಸುಲಭವಾಗಿ ದೊರೆಯದು.

ಎರಡನೆಯದಾಗಿ ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’. 1956ರ ಈ ಕೃತಿಯ ಮಾತು ಧಾರವಾಡದ ಕಡೆಯದು. ಕಲಬುರಗಿಯವರಿಗೆ ದಾಯಾದಿ ನುಡಿ. ಗಂಗವ್ವನ ಹಟ, ಅವಳ ತಮ್ಮ ರಾಘಪ್ಪನ ಹುನ್ನಾರ ಎಲ್ಲವೂ ಮಾತಿನಲ್ಲಿಯೇ ಬಿಚ್ಚಿಕೊಳ್ಳುತ್ತವೆ. ಮನೆಮಂದಿಯೆಲ್ಲ ಕುಳಿತಾಗ ಒಬ್ಬರು ಗಟ್ಟಿಯಾಗಿ ಓದಿದರೆ ಇದರ ರುಚಿ ಇಮ್ಮಡಿಯಾಗುತ್ತದೆ.

ಮೂರನೆಯದು ತೇಜಸ್ವಿಯವರ ‘ಕರ್ವಾಲೋ’ (1980). ಕಥೆ ನಡೆಯುವುದು ದೂರದ ಮಲೆನಾಡಿನಲ್ಲಿ. ಆದರೆ 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡನ್ನು ಹಿತ್ತಲಿನಂತೆ ಪಡೆದವರಿಗೆ ಹಾರುವ ಓತಿಯ ಬೆನ್ನುಹತ್ತಿದ ಆ ವಿಜ್ಞಾನಿಯೂ ಹಳ್ಳಿಯ ಮಂದಣ್ಣನೂ ಅಪರಿಚಿತರೆನಿಸಲಾರರು. ನಗುನಗುತ್ತಲೇ ಓದಿ ಮುಗಿಸಿದವರು, ಮರುದಿನ ತಮ್ಮ ಹೊಲದ ಬದುವನ್ನು ಬೇರೆ ಕಣ್ಣಿನಿಂದ ನೋಡಬಲ್ಲರು.

ಈ ಮೂರನ್ನು ದಾಟಿದವರು ತೊಗರಿಯ ರಾಶಿ ಮುಗಿದ ಬಿಡುವಿನಲ್ಲಿ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಹಿಡಿಯಲಿ. ಲಿಸ್ಬನ್ ನಗರದ ನದಿಯನ್ನೂ ವಿಜಯನಗರದ ನದಿಯನ್ನೂ ಒಂದೇ ಕಥೆಗೆ ಹರಿಸುವ ದಪ್ಪ ಪುಸ್ತಕವಿದು. ಆದರೆ ಕುತೂಹಲ ದಣಿಯಲು ಬಿಡುವುದಿಲ್ಲ.

ಸಂತೋಷವನ್ನೇ ಅಳತೆಗೋಲಾಗಿ ಮಾಡಿದರೆ ಅಭಿರುಚಿ ಕೆಡುವುದಿಲ್ಲವೇ ಎಂಬ ಆಕ್ಷೇಪ ಹಳೆಯದು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನೂ ತ್ರಿವೇಣಿಯವರ ಸಾಮಾಜಿಕ ಕಾದಂಬರಿಗಳನ್ನೂ ಒಂದು ಕಾಲದ ವಿಮರ್ಶೆ ಮೂಗು ಮುರಿದು ನೋಡಿತು. ಆದರೆ ಬಾಡಿಗೆ ಪುಸ್ತಕದಂಗಡಿಗಳಿಂದ ಅವನ್ನು ಒಯ್ದು ಓದಿದವರೇ ಮುಂದೆ ಕಾರಂತರ, ಕುವೆಂಪು ಅವರ ಓದುಗರೂ ಆದರು. ‘ಮಲೆಗಳಲ್ಲಿ ಮದುಮಗಳು’ ಓದಲೇಬೇಕಾದ ಕೃತಿ. ಆದರೆ ಹತ್ತನೆಯದಾಗಿ ಓದಿದರೆ ಅದು ತೆರೆದುಕೊಳ್ಳುವಷ್ಟು ಮೊದಲನೆಯದಾಗಿ ಓದಿದರೆ ತೆರೆದುಕೊಳ್ಳದು.

ಪುಸ್ತಕ ಎಲ್ಲಿ ಸಿಗಬೇಕು ಎಂಬುದು ನ್ಯಾಯವಾದ ಪ್ರಶ್ನೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತಿದ್ದೇವೆ. ಕಪಾಟಿನಲ್ಲಿ ‘ಬದುಕು’ ಇಲ್ಲದಿದ್ದರೆ ತರಿಸಿಕೊಡಿ ಎಂದು ಕೇಳುವುದು ಉಪಕಾರ ಬೇಡಿದಂತಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಾಗಿ ಅಲ್ಲಿಗೆ ಬರುವ ತರುಣ ತರುಣಿಯರ ಕಣ್ಣಿಗೆ ಅದರ ಪಕ್ಕದಲ್ಲಿಯೇ ಒಂದು ಕಾದಂಬರಿಯೂ ಬೀಳಲಿ. ಅದರಿಂದ ಅವರಿಗೆ ಅಂಕಗಳು ಬರಲಿಕ್ಕಿಲ್ಲ. ತಮ್ಮ ಊರಿನ ಮಾತು ಯಾರ ಮಾತಿಗೂ ಕಡಿಮೆಯಲ್ಲ ಎಂಬ ಧೈರ್ಯ ಬಂದೀತು.