ಗಣಿ ನೀರು: ಕೆಸರಾದ್ರೆ ತಡೀಬಹುದು, ಹುಳಿಯಾದ್ರೆ?

ರೋಣ, ನರಗುಂದ, ಗಜೇಂದ್ರಗಡದ ಕಡೆ ಕಲ್ಲಿದ್ದಲು ಗಣಿ ಇಲ್ಲ. ಇಡೀ ಕರ್ನಾಟಕದಲ್ಲೇ ಇಲ್ಲ. ಆದ್ರೂ ನಮ್ಮ ಮನೆ ಫ್ಯಾನ್ ತಿರುಗೋದ್ರಲ್ಲಿ ಕಲ್ಲಿದ್ದಲಿನ ಪಾಲಿದೆ. 1985ರಲ್ಲಿ ಶುರುವಾದ ರಾಯಚೂರು ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ಅದಕ್ಕೆ ಕಲ್ಲಿದ್ದಲು ಬರೋದು ತೆಲಂಗಾಣದ ಸಿಂಗರೇಣಿಯಂಥ ಹೊರರಾಜ್ಯದ ಗಣಿಗಳಿಂದ. ಗುಂಡಿ ಅಲ್ಲಿ, ಕರೆಂಟು ಇಲ್ಲಿ. ಆ ಗುಂಡಿ ಸುತ್ತಲಿನ ಬಾವಿ, ಹಳ್ಳಗಳಿಗೆ ಏನಾಗುತ್ತೆ?

ಮೊದಲನೆಯದು, ನೀರು ಇಳಿಯುತ್ತೆ. ಗಣಿ ಅಂತರ್ಜಲಕ್ಕಿಂತ ಕೆಳಗೆ ಹೋದ ಮೇಲೆ ಸುತ್ತಲಿನ ನೀರೆಲ್ಲ ಗುಂಡಿಗೆ ಹರಿಯುತ್ತೆ. ಕೆಲಸ ನಡೀಬೇಕಂದ್ರೆ ಹಗಲೂ ರಾತ್ರಿ ಪಂಪ್ ಹಾಕಬೇಕು. ಆಗ ಅಂತರ್ಜಲ ಆಲಿಕೆ ಆಕಾರದಲ್ಲಿ ಕುಸಿದು, ಹತ್ತಿರದ ಬಾವಿಗಳು ಬತ್ತುತ್ತವೆ. ಪಂಪ್ ಮಾಡಿದ ನೀರನ್ನ ಹೊಂಡದಲ್ಲಿ ತಿಳಿಯಾಗಿಸಿ, ಶುದ್ಧ ಮಾಡಿ ಊರಿಗೆ, ಕೆರೆಗೆ ವಾಪಸ್ ಕೊಡೋದೇ ಇದಕ್ಕೆ ಪರಿಹಾರ.

ಎರಡನೆಯದು ಕೆಸರು. ಇದನ್ನ ನೋಡೋಕೆ ಹೊರರಾಜ್ಯಕ್ಕೆ ಹೋಗಬೇಕಿಲ್ಲ, ತುಂಗಭದ್ರೆ ಆಚೆ ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳಿವೆ. ಅಲ್ಲಿ ಅಗೆದ ಮಣ್ಣನ್ನ ಇಳಿಜಾರಿನಲ್ಲೇ ಸುರಿದಿದ್ರು. ಮಳೆ ಬಂದ್ರೆ ಹಳ್ಳ ಕೆಂಪು. ಧಾರವಾಡದ ಸಮಾಜ ಪರಿವರ್ತನಾ ಸಮುದಾಯ ಕೋರ್ಟಿಗೆ ಹೋಯ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಣಿ ಮತ್ತೆ ತೆರೆಯೋಕೆ ಒಂದು ಷರತ್ತು: ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕು. ಯೋಜನೆಯಲ್ಲಿ ಇದ್ದದ್ದು ಸಿವಿಲ್‌ನವರಿಗೆ ಗೊತ್ತಿರೋ ಕೆಲಸವೇ. ಮಣ್ಣಿನ ರಾಶಿಗೆ ಮೆಟ್ಟಿಲು ಆಕಾರ, ಬುಡಕ್ಕೆ ತಡೆಗೋಡೆ, ಸುತ್ತ ಹಾರದ ಥರ ಚರಂಡಿ, ಕೆಳಗೆ ಚೆಕ್ ಡ್ಯಾಂ. ಹೊರಗಿನ ಒಳ್ಳೆ ನೀರು ಗಣಿಯೊಳಗೆ ಬರಬಾರದು, ಒಳಗಿನ ಕೆಸರು ನೀರು ಹಾಗೇ ಹೊರಗೆ ಹೋಗಬಾರದು. ಹೊಲಕ್ಕೆ ಒಡ್ಡು ಹಾಕೋ ನಮ್ಮ ರೈತರಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತು.

ಮೂರನೆಯದು ಹುಳಿ. ನನಗೆ ಭಯ ಇರೋದು ಇದರ ಬಗ್ಗೆನೇ. ಕೆಲವು ಕಲ್ಲಿದ್ದಲಿನಲ್ಲಿ ಪೈರೈಟ್ ಇರುತ್ತೆ, ಅಂದ್ರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ನೆಲದಡಿ ಗಾಳಿ ಸೋಕದೆ ಇರೋವರೆಗೂ ಅದು ಸುಮ್ಮನಿರುತ್ತೆ. ಅಗೆದು ಹೊರಗೆ ಹಾಕಿದ್ರೆ ಗಾಳಿ, ನೀರು, ಬ್ಯಾಕ್ಟೀರಿಯಾ ಸೇರಿ ಗಂಧಕಾಮ್ಲ ಆಗುತ್ತೆ. ಆ ಆಮ್ಲ ಕಲ್ಲಿನಲ್ಲಿರೋ ಬೇರೆ ಲೋಹಗಳನ್ನೂ ಕರಗಿಸಿಕೊಂಡು ಹಳ್ಳಕ್ಕೆ ಇಳಿಯುತ್ತೆ. ಮೇಘಾಲಯದ ಜೈಂತಿಯಾ ಬೆಟ್ಟಗಳ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ, ಅಲ್ಲಿನ ಲುಖಾ ನದಿ ಚಳಿಗಾಲದಲ್ಲಿ ನೀಲಿಯಾಗುತ್ತೆ. ಫೋಟೋದಲ್ಲಿ ಚಂದ ಕಾಣುತ್ತೆ, ಆದ್ರೆ ಮೀನು ಸಾಯುತ್ತವೆ. ಸುಣ್ಣ ಹಾಕಿ ಹುಳಿ ಇಳಿಸಬಹುದು, ರಾಶಿಗೆ ಜೇಡಿ ಮಣ್ಣು ಮುಚ್ಚಿ ಗಾಳಿ ತಡೀಬಹುದು. ಆದ್ರೆ ಚೆಕ್ ಡ್ಯಾಂನಲ್ಲಿ ಕೆಸರು ಕೂರುತ್ತೆ, ಕರಗಿದ ಆಮ್ಲ ಕೂರಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷ ಆದ ಮೇಲೂ ಅದು ಸೋರುತ್ತಾ ಇರಬಹುದು.

ಸಿಂಗರೇಣಿ ಕಡೆಯ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಸಂಡೂರಿನ ಅದಿರು ಆಕ್ಸೈಡ್, ಅಲ್ಲಿ ಮುಖ್ಯ ತೊಂದರೆ ಕೆಸರೇ. ಆದ್ರೆ ನಮ್ಮದೇ ಜಿಲ್ಲೆಯ ಕಪ್ಪತಗುಡ್ಡದ ಕಥೆ ಬೇರೆ. ಗದಗದ ಚಿನ್ನದ ಅದಿರಿನಲ್ಲಿ ಆರ್ಸೆನೋಪೈರೈಟ್ ಇದೆ, ಅಂದ್ರೆ ಗಂಧಕದ ಜೊತೆ ಆರ್ಸೆನಿಕ್ ಕೂಡ. ನೀರಿನ ಲೆಕ್ಕದಲ್ಲಿ ಅದು ಸಂಡೂರಿಗಿಂತ ಮೇಘಾಲಯಕ್ಕೆ ಹತ್ತಿರ. ಜನ ಹೋರಾಡಿದ್ರು, 2019ರಲ್ಲಿ ಗುಡ್ಡದ 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯ್ತು.

ನಮ್ಮ ಎರೆ ಭೂಮಿಯ ಎಷ್ಟೋ ಊರಲ್ಲಿ ಬಾವಿ ನೀರು ಸವಳು. ಕುಡಿಯೋಕೆ ಸಿಹಿನೀರಿನ ಕೆರೆಯೇ ಆಧಾರವಾಗಿದ್ದ ಊರುಗಳಿವು. ಇಂಥ ಕಡೆ ಒಂದು ಹಳ್ಳ ಹುಳಿಯಾದ್ರೆ ಬದಲಿ ನೀರು ಎಲ್ಲಿಂದ ತರೋದು?

ಕಲ್ಲು ಎಷ್ಟು ಆಮ್ಲ ಹುಟ್ಟಿಸುತ್ತೆ, ಅದರಲ್ಲೇ ಇರೋ ಸುಣ್ಣದಂಥ ಖನಿಜ ಎಷ್ಟನ್ನ ಅಡಗಿಸುತ್ತೆ ಅಂತ ಅಗೆಯೋ ಮೊದಲೇ ಲ್ಯಾಬಿನಲ್ಲಿ ಅಳೀಬಹುದು. ದೊಡ್ಡ ಗಣಿಗಳಿಗೆ ಪರಿಸರ ಅನುಮತಿ ಕೊಡೋ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೀಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು ಅಂತ 2006ರ ಅಧಿಸೂಚನೆ ಹೇಳುತ್ತೆ. ಅಂಥ ಸಭೆ ನಿಮ್ಮೂರಲ್ಲಿ ನಡೆದ್ರೆ, ಎಷ್ಟು ಗಿಡ ನೆಡ್ತೀರಿ ಅಂತ ಕೇಳೋ ಮುಂಚೆ ಈ ಟೆಸ್ಟಿನ ರಿಸಲ್ಟ್ ಕೇಳಿ. ಕನ್ನಡದಲ್ಲೇ ಕೇಳಿ.