ಹಿಂದಿನ ಗಾಡಿಗೆ ದಾರಿ

ಚಿತ್ತಾಪುರದಲ್ಲೋ ಸೇಡಂನಲ್ಲೋ ಪ್ಯಾಸೆಂಜರು ಗಾಡಿಗೆ ಕಾಯುವಾಗ, ಹಳಿಯ ಮೇಲೆ ಎಳೆದಿರುವ ತಂತಿಯನ್ನು ನೀವು ನೋಡಿರುತ್ತೀರಿ. ಅದರಲ್ಲಿರುವುದು 25,000 ವೋಲ್ಟಿನ ವಿದ್ಯುತ್ತು. ನಿಮ್ಮ ಗಾಡಿ ಈ ತಂತಿಯಿಂದ ಓಡಿದರೆ ಲಾಭ ನಿಮಗೊಬ್ಬರಿಗೇ ಅಲ್ಲ, ಹಿಂದೆ ಬರುವ ಗಾಡಿಗೂ ಉಂಟು.

ಹೇಗೆನ್ನುವಿರಾ? ಪ್ಯಾಸೆಂಜರು ಊರೂರಿಗೂ ನಿಲ್ಲುತ್ತದೆ. ನಿಂತದ್ದು ಮತ್ತೆ ವೇಗ ಹಿಡಿಯುವುದರಲ್ಲೇ ಹೊತ್ತು ಹೋಗುತ್ತದೆ. ಡೀಸೆಲ್ ಎಂಜಿನು ತನ್ನ ಶಕ್ತಿಯನ್ನು ತಾನೇ ತಯಾರಿಸಿಕೊಳ್ಳಬೇಕು. ವಿದ್ಯುತ್ ಗಾಡಿಗೆ ಅದು ತಂತಿಯಿಂದ ಬರುತ್ತದೆ. ಕೆಲವು ಡಬ್ಬಿಗಳ ಅಡಿಯಲ್ಲೇ ಮೋಟಾರುಗಳಿರುವ ‘ಮೆಮು’ ಗಾಡಿಯಂತೂ ಇನ್ನೂ ಚುರುಕು. ಅದು ಬೇಗ ಹಳಿ ಬಿಟ್ಟುಕೊಟ್ಟರೆ ಹಿಂದಿನ ಎಕ್ಸ್‌ಪ್ರೆಸ್ಸು ಸಿಗ್ನಲಿನ ಮುಂದೆ ಕಾಯಬೇಕಿಲ್ಲ. ವಾಡಿಯ ಸಿಮೆಂಟು ಹೊತ್ತ ಗೂಡ್ಸಿಗೂ ದಾರಿ ಸಿಗುತ್ತದೆ. ನಮ್ಮ ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ, ದಿನವೂ ಓಡಾಡುವ ಜನರ ದಾರಿಯಲ್ಲೇ ಓಡಿತು.

ವಾಡಿ ಕವಲಿನ ಊರು. 1874ರಲ್ಲಿ ಸಿಕಂದರಾಬಾದಿನ ದಾರಿ ಮುಂಬಯಿ–ಮದರಾಸು ದಾರಿಗೆ ಕೂಡಿದ್ದು ಇಲ್ಲಿಯೇ. ಒಂದು ಕವಲಿಗೆ ತಂತಿ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಎಂಜಿನು ಬದಲಿಸುತ್ತ ಗಾಡಿ ನಿಲ್ಲಬೇಕು. ಇಲ್ಲವೆ ತಂತಿಯ ಕೆಳಗೇ ಡೀಸೆಲ್ ಸುಟ್ಟುಕೊಂಡು ಹೋಗಬೇಕು. ಶಹಾಬಾದಿನ ದಾರಿಯನ್ನು ನಡೆಸುವ ಮಧ್ಯ ರೈಲ್ವೆಯ ಬ್ರಾಡ್‌ಗೇಜ್ ಜಾಲದ ತಂತಿಕೆಲಸ 2023ರ ಫೆಬ್ರವರಿಗೆ ಮುಗಿಯಿತು.

ತಂತಿ ಹರಿದರೆ ಮಾತ್ರ ಎಕ್ಸ್‌ಪ್ರೆಸ್ಸು, ಪ್ಯಾಸೆಂಜರು ಎಂಬ ಭೇದವಿಲ್ಲ, ಎಲ್ಲವೂ ನಿಲ್ಲುತ್ತವೆ. ಇನ್ನು, ಯಾವ ಗಾಡಿಯನ್ನು ಮೊದಲು ಬಿಡಬೇಕೆಂಬುದು ತಂತಿಯ ಕೆಲಸವಲ್ಲ, ಕಂಟ್ರೋಲಿನಲ್ಲಿ ಕುಳಿತವರದು. ಚಿಂಚೋಳಿಗೆ ರೈಲೇ ಇಲ್ಲ. ಅಲ್ಲಿಂದ ಬಸ್ಸಿನಲ್ಲಿ ಸೇಡಂಗೆ ಬಂದು ಗಾಡಿ ಹಿಡಿಯುವವರಿಗೆ ಬಸ್ಸಿನ ಹೊತ್ತೂ ರೈಲಿನ ಹೊತ್ತೂ ಕೂಡದಿದ್ದರೆ, ತಂತಿ ಉಳಿಸಿಕೊಟ್ಟ ನಿಮಿಷಗಳು ಸ್ಟೇಷನ್ನಿನ ಬೆಂಚಿನ ಮೇಲೆಯೇ ಕಳೆಯುತ್ತವೆ.